ಫಾರಂನಲ್ಲಿ ಓರಗಿತ್ತಿಗೆ ಜಾಗವಿರಲಿಲ್ಲ

ವೇದಿಕೆಯ ಮೇಲೆ ಮೆತ್ತನೆ ಕುರ್ಚಿಯಲ್ಲಿ ಕುಳಿತಿರುವ ಅಧ್ಯಕ್ಷರೇ, ಪಕ್ಕದಲ್ಲೇ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ನಮ್ಮ ಸರ್ವೇ ಆಫೀಸಿನ ಮ್ಯಾನೇಜರೇ, ನನ್ನ ಜೊತೆ ಬೀದಿ ಸವೆಸಿದ ಅಕ್ಕತಂಗಿಯರೇ, ಹೊಸದಾಗಿ ಕೆಲಸಕ್ಕೆ ಸೇರಿರುವ ಮಕ್ಕಳೇ, ಅಂಗಡಿ ಕಾರ್ಖಾನೆಗಳ ಯಜಮಾನರೇ, ಮೆತ್ತನೆ ಕುರ್ಚಿ ಸಿಗದ ಉಳಿದೆಲ್ಲ ಸಭಿಕರೇ,

ಮೊದಲು ನಿಮ್ಮನ್ನು ಬೈದುಬಿಡುತ್ತೇನೆ. ಸನ್ಮಾನ ಮಾಡಿಸಿಕೊಂಡ ಮೇಲೆ ಬೈದರೆ ಉಂಡ ಮನೆಗೆ ಎರಡು ಬಗೆದ ಹಾಗಾಗುತ್ತದೆ. ಅದಕ್ಕೇ ಮೊದಲೇ ಮುಗಿಸುವುದು ಒಳ್ಳೆಯದು.

ನೀವೆಲ್ಲ ಸುಳ್ಳುಗಾರರು. ಬಾಗಿಲಲ್ಲಿ ಒಬ್ಬ ಹುಡುಗಿ ಕಾಗದ ಹಿಡಿದು ನಿಂತು, "ವ್ಯವಸ್ಥೆ ಚೆನ್ನಾಗಿದೆಯಲ್ಲವಾ?" ಎಂದು ಒಬ್ಬೊಬ್ಬರನ್ನೂ ಕೇಳುತ್ತಿದ್ದಳು. ನಾನು ಕಂಬದ ಮರೆಯಲ್ಲಿ ನಿಂತು ಕೇಳಿಸಿಕೊಂಡೆ. ಒಬ್ಬರಾದರೂ ಇಲ್ಲ ಎಂದಿರಾ? ಎಡಗಡೆಯ ಎರಡು ಫ್ಯಾನು ತಿರುಗುತ್ತಿಲ್ಲ. ಕುಡಿಯುವ ನೀರಿನ ಡ್ರಮ್ಮಿನ ಹತ್ತಿರ ಒಂದೇ ಲೋಟ. ಹಿಂದಿನ ಮೂರು ಸಾಲಿಗೆ ಮೈಕು ಕೇಳಿಸುತ್ತಿಲ್ಲ. ಈಗಲೂ ಕೇಳಿಸುತ್ತಿಲ್ಲ, ಆದರೂ ಅಲ್ಲಿರುವವರೆಲ್ಲ ತಲೆ ಆಡಿಸುತ್ತಿದ್ದಾರೆ ನೋಡಿ. ಆ ಹುಡುಗಿ ನಾಳೆ ಆಫೀಸಿನಲ್ಲಿ ಏನು ಬರೆದುಕೊಡುತ್ತಾಳೆ? ನೂರಕ್ಕೆ ನೂರು ಜನಕ್ಕೆ ಸಂತೋಷ ಎಂದು. ಮುಂದಿನ ವರ್ಷವೂ ಅದೇ ಫ್ಯಾನು, ಅದೇ ಒಂದು ಲೋಟ. ನಿಮಗೆ ಆಗಬೇಕಾದ್ದೇ.

ಆದರೆ ತಪ್ಪು ನಿಮ್ಮದೊಂದೇ ಅಲ್ಲ. "ಚೆನ್ನಾಗಿದೆಯಲ್ಲವಾ" ಎಂದು ಕೇಳಿದರೆ ಮರ್ಯಾದಸ್ಥರು ಇನ್ನೇನು ಹೇಳಿಯಾರು? ಅದು ಪ್ರಶ್ನೆಯಲ್ಲ, ಉತ್ತರವನ್ನು ಬಾಯಿಗೆ ತುರುಕುವ ಕೆಲಸ. "ಇಲ್ಲಿ ನಿಮಗೆ ಯಾವುದು ತೊಂದರೆ ಆಯಿತು?" ಎಂದು ಕೇಳಬೇಕಿತ್ತು. ಆಗ ಬೇಡ ಬೇಡ ಎಂದರೂ ನಾಲ್ಕು ಮಾತು ಬರುತ್ತಿತ್ತು.

ಮ್ಯಾನೇಜರು ನನಗೆ ಕೊಟ್ಟ ವಿಷಯ ಇದೇ. ವ್ಯಾಪಾರಕ್ಕೆ ಉಪಯೋಗವಾಗುವ ಸಮೀಕ್ಷೆಯನ್ನು ರೂಪಿಸುವುದು ಹೇಗೆ? ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಹಳ್ಳಿ ಶಾಲೆಯಲ್ಲಿ. ಮೇಷ್ಟ್ರು ಬಂದ ದಿನ ಮಾತ್ರ ಓದು. ರೂಪಿಸುವುದು ಎಂಬ ಶಬ್ದವನ್ನೇ ನಾನು ಈ ಆಹ್ವಾನ ಪತ್ರಿಕೆಯಲ್ಲಿ ಮೊದಲು ಓದಿದ್ದು. ಆದರೆ ಇಪ್ಪತ್ತಾರು ವರ್ಷ ಕೈಯಲ್ಲಿ ಫಾರಂ ಹಿಡಿದು ಮನೆಮನೆ ತಿರುಗಿದ್ದೇನೆ. ಬೀದಿ ಮಕ್ಕಳು ನನಗೆ ಪ್ರಶ್ನೆ ಅಜ್ಜಿ ಎಂದು ಹೆಸರಿಟ್ಟಿದ್ದಾರೆ. ಎಷ್ಟು ಬಾಗಿಲು ನನ್ನ ಮುಖದ ಮೇಲೆ ಮುಚ್ಚಿವೆ, ಎಷ್ಟು ನಾಯಿ ನನ್ನ ಸೆರಗು ಹಿಡಿದಿವೆ, ಅದನ್ನು ಯಾವ ಪುಸ್ತಕದಲ್ಲೂ ಬರೆದಿಲ್ಲ.

ಹೊಸ ಮಕ್ಕಳೇ, ಕೇಳಿಸಿಕೊಳ್ಳಿ. ಒಂದು ಸಲ ಹಲ್ಲುಪುಡಿ ಮಾಡುವವರು ನಮ್ಮನ್ನು ಕಳಿಸಿದ್ದರು. ದಿನಕ್ಕೆ ಎಷ್ಟು ಸಲ ಹಲ್ಲು ಉಜ್ಜುತ್ತೀರಿ ಎಂಬುದು ಪ್ರಶ್ನೆ. ಊರಿಗೆ ಊರೇ ಎರಡು ಸಲ ಎಂದಿತು. ಒಂದು ಮನೆಯ ಯಜಮಾನನಂತೂ ಮೂರು ಸಲ ಎಂದ. ಅವನ ಬಾಯಿಯಲ್ಲಿ ಉಜ್ಜಲು ಹಲ್ಲೇ ನಾಲ್ಕಿದ್ದವು. ನಾನು ಎರಡನೇ ದಿನ ಪ್ರಶ್ನೆಯನ್ನೇ ಬದಲಿಸಿದೆ. "ಹೋದ ಸಲ ಪುಡಿ ಡಬ್ಬಿ ತಂದದ್ದು ಯಾವಾಗ? ಸ್ವಲ್ಪ ಆ ಡಬ್ಬಿ ತಂದು ತೋರಿಸಿ" ಎಂದೆ. ಡಬ್ಬಿ ಸುಳ್ಳು ಹೇಳುವುದಿಲ್ಲ. ಜನ ಏನು ಮಾಡುತ್ತೇವೆ ಎನ್ನುತ್ತಾರೋ ಅದನ್ನು ಬರೆದುಕೊಂಡರೆ ಕಾಗದ ದಂಡ. ಹೋದ ವಾರ ಏನು ಮಾಡಿದರು, ಅದನ್ನು ಕೇಳಿ.

ಎರಡು ಪ್ರಶ್ನೆಗೆ ಒಂದೇ ಗಂಟು ಹಾಕಬೇಡಿ. "ದಿಂಬು ಮೆತ್ತಗೂ ಅಗ್ಗವಾಗಿಯೂ ಇರಬೇಕಾ" ಎಂದು ಒಬ್ಬರು ಬರೆಸಿದ್ದರು. ಹೌದು ಎಂದವನಿಗೆ ಮೆತ್ತಗಿರುವುದು ಬೇಕಾಗಿತ್ತೋ ಅಗ್ಗದ್ದು ಬೇಕಾಗಿತ್ತೋ ಯಾರಿಗೆ ಗೊತ್ತು? ಹಾಗೆಯೇ, ಅಡುಗೆಮನೆಯ ಸಾಮಾನಿನ ಬಗ್ಗೆ ಜಗಲಿಯಲ್ಲಿ ಕುಳಿತು ಪೇಪರ್ ಓದುವವನನ್ನು ಕೇಳಬೇಡಿ. ಅವನು ಉತ್ತರ ಕೊಡುತ್ತಾನೆ, ಅದೇ ತೊಂದರೆ. ಫಾರಂ ಬರೆದಾದ ಮೇಲೆ ನೂರು ಮನೆಗೆ ಹೊತ್ತುಕೊಂಡು ಹೋಗುವ ಮೊದಲು ಗುರುತಿನ ಹತ್ತು ಜನರ ಮೇಲೆ ಪ್ರಯೋಗ ಮಾಡಿ. ಅವರು ಎಲ್ಲಿ ತಡವರಿಸುತ್ತಾರೆ, ಎಲ್ಲಿ ಕಣ್ಣು ತಪ್ಪಿಸುತ್ತಾರೆ ನೋಡಿ.

ಇಷ್ಟು ಹೇಳಿ ಕುಳಿತುಬಿಡೋಣ ಎಂದುಕೊಂಡೇ ಬಂದೆ. ಆದರೆ ಮ್ಯಾನೇಜರು ಈಗ ತಾನೇ ನನ್ನನ್ನು ಹೊಗಳುತ್ತಾ ಒಂದು ಮಾತು ಆಡಿದರು. ಇಪ್ಪತ್ತಾರು ವರ್ಷದಲ್ಲಿ ಈ ತಾಯಿ ಒಂದೇ ಒಂದು ಸುಳ್ಳು ಫಾರಂ ತಂದಿಲ್ಲ ಎಂದರು. ನೀವು ಚಪ್ಪಾಳೆ ಹೊಡೆದಿರಿ. ಎರಡನೇ ಸಾಲಿನಲ್ಲಿ ಕುಳಿತಿರುವ ನನ್ನ ತಂಗಿ ಎಲ್ಲರಿಗಿಂತ ಜೋರಾಗಿ ಹೊಡೆದಳು. ನನಗೆ ಆ ಚಪ್ಪಾಳೆ ಕೆನ್ನೆಗೆ ಬಿದ್ದ ಹಾಗಾಯಿತು.

ಆ ಸುಳ್ಳು ಫಾರಂ ಒಂದಿದೆ. ಅದು ಆಫೀಸಿನ ಫಾರಂ ಅಲ್ಲ, ಹಾಗಾಗಿ ಮ್ಯಾನೇಜರ ಮಾತು ಸುಳ್ಳಾಗಲಿಲ್ಲ. ಅದನ್ನು ತುಂಬಿದವಳು ನಾನು. ತುಂಬಿಸಿಕೊಂಡವಳು ನನ್ನ ತಂಗಿ.

ತಂಗಿ ನನಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು. ಬಾಯಲ್ಲಿ ಯಾವಾಗಲೂ ಎರಡು ಗುಂಡುಸೂಜಿ ಕಚ್ಚಿಕೊಂಡು ಬಟ್ಟೆ ಹೊಲಿಯುತ್ತಿದ್ದಳು, ಅದಕ್ಕೆ ಮನೆಯಲ್ಲಿ ಅವಳನ್ನು ಗುಂಡುಸೂಜಿ ಎಂದೇ ಕರೆಯುತ್ತಿದ್ದೆವು. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಅಂಗಿಯ ಕಾಲರು ಹೊಲಿಯುವ ಕೆಲಸ. ದಿನವಿಡೀ ಕಾಲರು, ವರ್ಷವಿಡೀ ಕಾಲರು. "ಅಕ್ಕಾ, ನಾನು ಇಷ್ಟು ವರ್ಷದಲ್ಲಿ ಒಂದೂ ಪೂರ್ತಿ ಅಂಗಿ ನೋಡಿಲ್ಲ ಕಣೇ" ಎನ್ನುತ್ತಿದ್ದಳು.

ಎರಡನೇ ಹೆರಿಗೆಯ ನಂತರ ಅವಳಿಗೆ ಒಂದು ತೊಂದರೆ ಶುರುವಾಯಿತು. ಕೆಮ್ಮಿದರೆ, ಸೀನಿದರೆ, ಬಿಂದಿಗೆ ಎತ್ತಿದರೆ, ಜೋರಾಗಿ ನಕ್ಕರೆ ಎರಡು ಹನಿ ಮೂತ್ರ ಜಾರುವುದು. ಮುಂದಿನ ಸಾಲಿನ ಯಜಮಾನರು ತಲೆ ತಗ್ಗಿಸಬೇಕಾಗಿಲ್ಲ. ನಿಮ್ಮನ್ನು ಹೆತ್ತವರಿಗೂ ಬಂದಿರಬಹುದು, ಹೆತ್ತದ್ದು ನಿಮ್ಮನ್ನೇ.

ಬೇರೆಯವರಾದರೆ ಹಳೇ ಸೀರೆ ಹರಿದು ಮಡಚಿ ಸುಮ್ಮನಾಗುತ್ತಿದ್ದರು. ನನ್ನ ತಂಗಿ ಸುಮ್ಮನಾಗುವವಳಲ್ಲ. ಮೆತ್ತನೆ ಹತ್ತಿ ಬಟ್ಟೆಯ ಆರು ಪದರ, ಅದರ ಕೆಳಗೆ ಮಳೆ ಕೋಟಿನ ತೆಳು ಬಟ್ಟೆಯ ಒಂದು ಪದರ, ಸುತ್ತ ಒತ್ತದ ಹಾಗೆ ಅಂಚು, ಎರಡು ಗುಂಡಿ. ಒಗೆದು ಮತ್ತೆ ಹಾಕಿಕೊಳ್ಳುವ ಪ್ಯಾಡು. ಹೊರಗೆ ಕಾಣದು, ನಡೆದರೆ ಜಾರದು. ಅಂಥದ್ದು ಆಗ ಯಾವ ಅಂಗಡಿಯಲ್ಲೂ ಇರಲಿಲ್ಲ. ಕಾರ್ಖಾನೆಯಲ್ಲಿ ಅವಳ ಅಕ್ಕಪಕ್ಕದ ಮೆಷಿನ್ನಿನ ಇಬ್ಬರು ಹೆಂಗಸರು ಗುಟ್ಟಾಗಿ ಕೇಳಿ ಮಾಡಿಸಿಕೊಂಡರು. ಮೂವರೂ ಸೇರಿ ಕಾಲರಿನ ಕೆಲಸ ಬಿಟ್ಟು ಇದನ್ನೇ ವ್ಯಾಪಾರ ಮಾಡುವುದೆಂದು ಮಾತಾಯಿತು. ಸೈಕಲ್ ರಿಪೇರಿ ಅಂಗಡಿಯ ಮಹಡಿಯ ಮೇಲೆ ಒಂದು ಕೋಣೆ ನೋಡಿದರು. ಎರಡು ಮೆಷಿನ್ನು ಕಿಟಕಿಯ ಹತ್ತಿರ ಇಟ್ಟರು. ತಂಗಿ ನಲವತ್ತು ಪ್ಯಾಡು ಹೊಲಿದು ಮಾದರಿಗೆಂದು ಜೋಡಿಸಿದಳು.

ಆಗ ಮೂಗು ತೂರಿಸಿದವಳು ನಾನು. ಸರ್ವೇ ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು, ನನಗೆ ಎಲ್ಲ ಗೊತ್ತು ಎನ್ನುವ ವಯಸ್ಸು. ಹಾರುವ ಮೊದಲು ನೆಲ ನೋಡಿಕೋ, ಜನಕ್ಕೆ ಬೇಕೋ ಬೇಡವೋ ಕೇಳದೆ ಇದ್ದ ಕೆಲಸ ಬಿಡಬೇಡ, ಫಾರಂ ನಾನು ಬರೆಯುತ್ತೇನೆ, ಮನೆಮನೆಗೆ ನಾನೇ ಹೋಗುತ್ತೇನೆ ಎಂದೆ. ಬುದ್ಧಿವಾದ ಸರಿಯಾಗಿಯೇ ಇತ್ತು. ಹಾಳಾದದ್ದು ಬುದ್ಧಿವಾದದಿಂದಲ್ಲ.

ಫಾರಂನ ಮೊದಲ ಪ್ರಶ್ನೆ ಹೀಗಿತ್ತು. ನಿಮಗೆ ಮೂತ್ರ ತಡೆಯಲಾಗದ ತೊಂದರೆ ಇದೆಯೇ? ಹೌದು, ಇಲ್ಲ. ಇಲ್ಲ ಎಂದರೆ ಮುಂದಿನ ಪ್ರಶ್ನೆಗಳನ್ನು ಕೇಳುವ ಹಾಗಿಲ್ಲ. ನನ್ನ ಕೈಯಕ್ಷರ ದುಂಡಗಿದೆ, ಕಾಗದ ನೋಡಲು ಬಹಳ ಚಂದ ಇತ್ತು.

ಬರೆದ ಮೇಲೆ ಪ್ರಯೋಗ ಮಾಡಬೇಕಲ್ಲ? ಆ ಮಹಡಿಯ ಕೋಣೆಯಲ್ಲಿ ತಂಗಿ, ಆ ಇಬ್ಬರು ಹೆಂಗಸರು ಮತ್ತು ನಾನು. ತಂಗಿ ಗುಂಡುಸೂಜಿ ಬಾಯಿಂದ ತೆಗೆದು ಪೆನ್ನು ಹಿಡಿದಳು.

"ಅಕ್ಕಾ, ಮೊದಲ ಫಾರಂ ನಿಂದೇ ಆಗ್ಲಿ. ನಿನ್ನ ಕೈಗುಣ ಒಳ್ಳೇದು."

ಆಮೇಲೆ ನಗುತ್ತಾ, ಆಫೀಸರಮ್ಮನ ಹಾಗೆ ಗಂಟಲು ಸರಿಮಾಡಿಕೊಂಡು, ಆ ಪ್ರಶ್ನೆ ಕೇಳಿದಳು.

ಸಭಿಕರೇ, ನಾನು ಮೂರು ಹೆತ್ತವಳು. ಆ ತೊಂದರೆ ನನಗೆ ಶುರುವಾಗಿ ಆಗಲೇ ಹನ್ನೊಂದು ವರ್ಷವಾಗಿತ್ತು. ಆ ಪ್ರಶ್ನೆ ಕೇಳುವ ಹೊತ್ತಿನಲ್ಲೇ ನಾನು ಹರಿದ ಸೀರೆಯ ಮಡಿಕೆ ಇಟ್ಟುಕೊಂಡು ಕುಳಿತಿದ್ದೆ. ಅದು ಒತ್ತುತ್ತಿತ್ತು ಎಂದು ಕುರ್ಚಿಯ ತುದಿಯಲ್ಲಿ ಕುಳಿತಿದ್ದೆ.

ನಾನು ಏನು ಹೇಳಿದೆ? "ಇಲ್ಲಪ್ಪಾ, ನನಗೆ ಅಂಥದ್ದೇನೂ ಇಲ್ಲ" ಎಂದೆ.

ಯಾಕೆ ಹಾಗೆಂದೆ? ಇಪ್ಪತ್ತು ವರ್ಷದಿಂದ ನನ್ನನ್ನು ನಾನೇ ಕೇಳಿಕೊಳ್ಳುತ್ತಿದ್ದೇನೆ. ಆ ಇಬ್ಬರು ಪರಿಚಯವಿಲ್ಲದ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು ಎಂದೇ? ನಾನು ಮನೆಗೆ ಹಿರಿಯಳು, ಗಟ್ಟಿಗಿತ್ತಿ ಎಂಬ ಹೆಸರು ಹೊತ್ತವಳು ಎಂದೇ? ಯಾವ ಕಾರಣ ಹೇಳಿದರೂ ಅದು ಆಮೇಲೆ ಹುಡುಕಿದ ಕಾರಣ. ಬಾಯಿಗೆ ಮೊದಲು ಬಂದದ್ದು ಇಲ್ಲ. ಅಷ್ಟೇ.

ತಂಗಿಯ ಮುಖದ ನಗು ಇಳಿದುಹೋಯಿತು. ಪೆನ್ನಿನಿಂದ ಗುರುತು ಹಾಕುತ್ತಾ ಮೆಲ್ಲಗೆ ಅಂದಳು.

"ಮೂರು ಹೆತ್ತ ನಿನಗೇ ಇಲ್ಲ. ಹಂಗಾದ್ರೆ ನನ್ನ ಮೈಯಲ್ಲೇ ಏನೋ ಐಬಿರಬೇಕು."

ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಒಂದು ಸಲ ಇಲ್ಲ ಎಂದ ಮೇಲೆ ಹೌದು ಎನ್ನುವುದು ಏಳು ಬೆಟ್ಟ ಹತ್ತಿದಷ್ಟು ಕಷ್ಟ.

ಮರುದಿನದಿಂದ ಮನೆಮನೆ ಹೊರಟೆ. ಹೋಗುತ್ತಿದ್ದುದು ಸಂಜೆ, ಎಲ್ಲರೂ ಮನೆಯಲ್ಲಿ ಸಿಗುವ ಹೊತ್ತು. ಅದೇ ನಮ್ಮ ಆಫೀಸಿನ ಪದ್ಧತಿ. ಹಲ್ಲುಪುಡಿಗೆ ಆ ಹೊತ್ತು ಸರಿ. ಆದರೆ ಇದಕ್ಕೆ? ಅತ್ತೆ ಹೊಸ್ತಿಲ ಮೇಲೆ, ಮಾವ ಕುರ್ಚಿಯ ಮೇಲೆ, ಗಂಡ ಒಳಗೆ ಬನಿಯನ್ನಿನಲ್ಲಿ. ನಾನು ಬಾಗಿಲಲ್ಲಿ ನಿಂತು ದೊಡ್ಡ ಗಂಟಲಲ್ಲಿ ಮೂತ್ರ ತಡೆಯಲಾಗದ ತೊಂದರೆ ಇದೆಯೇ ಎಂದು ಸೊಸೆಯನ್ನು ಕೇಳುತ್ತೇನೆ. ಯಾವ ಸೊಸೆ ಹೌದು ಎಂದಾಳು? ನನ್ನ ತಂಗಿ ಬರೀ ಹೆಂಗಸರಿದ್ದ ಕೋಣೆಯಲ್ಲಿ ಕೇಳಿದರೇ ನಾನು ಹೇಳಲಿಲ್ಲ.

ನೂರಾ ಅರವತ್ತು ಮನೆ. ಹೌದು ಎಂದವರು ಐದು ಜನ. ಅದರಲ್ಲಿ ಒಬ್ಬಳು ಕಿವುಡಿ, ನಾನು ಕೇಳಿದ್ದು ಬೇರೇನೋ ಎಂದುಕೊಂಡಿದ್ದಳು.

ಇನ್ನೊಂದು ಸಂಗತಿಯಿದೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಒಂದು ಮನೆಯಲ್ಲಿ ಇಲ್ಲ ಎಂದು ಬಾಗಿಲು ಹಾಕಿಕೊಂಡ ಹೆಂಗಸು, ನಾನು ಮೆಟ್ಟಿಲಿಳಿದು ಗೇಟಿಗೆ ಬರುವಷ್ಟರಲ್ಲಿ ಕಸದ ಬುಟ್ಟಿ ಹಿಡಿದು ಹಿಂದೆಯೇ ಓಡಿಬಂದಳು. ಬುಟ್ಟಿಯಲ್ಲಿ ಕಸ ಇರಲಿಲ್ಲ.

"ಅಮ್ಮಾ, ನನಗಲ್ಲ, ನಮ್ಮ ಓರಗಿತ್ತಿಗೆ ಆ ತೊಂದರೆ ಇದೆ. ಅದಕ್ಕೆ ಏನಾದ್ರೂ ಸಿಗುತ್ತಾ?"

ಹೀಗೆ ಹಿಂದೆ ಬಂದವರು ಒಬ್ಬಿಬ್ಬರಲ್ಲ. ಒಬ್ಬಳು ಓರಗಿತ್ತಿಯ ಸಲುವಾಗಿ, ಒಬ್ಬಳು ಪಕ್ಕದ ಮನೆಯವಳ ಸಲುವಾಗಿ, ಒಬ್ಬಳು ದೂರದ ಊರಿನ ಗೆಳತಿಯ ಸಲುವಾಗಿ. ನಾನು ಬೆರಳು ಮಡಚಿ ಎಣಿಸಿದ್ದೆ, ಮೂವತ್ತೊಂದು ಜನ. ಆ ಬಡಾವಣೆಯಲ್ಲಿ ಅಷ್ಟು ಓರಗಿತ್ತಿಯರೇ ಇರಲಿಲ್ಲ. ಅವರು ಯಾರ ಮಾತು ಆಡುತ್ತಿದ್ದಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಮೂವತ್ತೊಂದು ಫಾರಂನಲ್ಲೂ ಇಲ್ಲ ಎಂದೇ ಉಳಿಸಿದೆ. ಬಾಗಿಲಲ್ಲಿ ಹೇಳಿದ್ದೇ ಉತ್ತರ, ಗೇಟಿನ ಹತ್ತಿರ ಹೇಳಿದ್ದು ಹರಟೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಫಾರಂನಲ್ಲಿ ಓರಗಿತ್ತಿಗೆ ಜಾಗವಿರಲಿಲ್ಲ. ಅದು ಮೇಲುನೋಟದ ಮಾತು. ಒಳಗಿನ ಮಾತು ಬೇರೆ. ಅವರೆಲ್ಲ ನಾಚಿಕೆಗೆ ಇಲ್ಲ ಅಂದರು ಕಣೇ ಎಂದು ತಂಗಿಗೆ ಹೇಳಿದರೆ, ಅವಳು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿ, "ನೀನು?" ಎಂದು ಕೇಳಿಯೇ ಕೇಳುತ್ತಿದ್ದಳು. ಆ ಒಂದು ಪ್ರಶ್ನೆಗೆ ಹೆದರಿ ಮೂವತ್ತೊಂದು ಜನರ ಬಾಯಿ ಮುಚ್ಚಿಸಿದೆ.

ತಂಗಿ ಫಾರಂಗಳನ್ನು ಎರಡು ಸಲ ಎಣಿಸಿದಳು. ಅಳಲಿಲ್ಲ, ರೇಗಲಿಲ್ಲ. ಮಹಡಿಯ ಕೋಣೆಯ ಬೀಗದ ಕೈ ಸೈಕಲ್ ರಿಪೇರಿಯವನಿಗೆ ವಾಪಸು ಕೊಟ್ಟಳು. ಆ ಇಬ್ಬರು ಹೆಂಗಸರಿಗೆ, ನನ್ನ ಮಾತು ನಂಬಿ ನೀವು ಕೆಟ್ಟಿರಿ ಎಂದು ಕೈ ಮುಗಿದಳು. ಸೋಮವಾರ ಬೆಳಿಗ್ಗೆ ಮತ್ತೆ ಕಾಲರಿಗೆ ಕುಳಿತಳು. ಮುಂದೆ ಹದಿನಾಲ್ಕು ವರ್ಷ ಕಾಲರು.

ನಲವತ್ತು ಪ್ಯಾಡು ಏನಾಯಿತು? ಅಡುಗೆಮನೆ ಸೇರಿತು. ಬಿಸಿ ಪಾತ್ರೆ ಇಳಿಸಲು ಚೆನ್ನಾಗಿದೆ, ಕೈ ಸುಡುವುದಿಲ್ಲ ಎಂದಳು. ನಾನು, ನನಗೂ ನಾಲ್ಕು ಕೊಡೇ, ಪಾತ್ರೆ ಇಳಿಸುವುದಕ್ಕೆ, ಎಂದು ಕೇಳಿ ಮನೆಗೆ ಒಯ್ದೆ.

ಮನೆಯಲ್ಲಿ ಅದರಿಂದ ಒಂದು ಪಾತ್ರೆಯನ್ನೂ ಇಳಿಸಲಿಲ್ಲ.

ಹಾಕಿಕೊಂಡ ಮೊದಲ ದಿನ ಬಸ್ಸಿನಲ್ಲಿ ನಿಂತೇ ಊರ ಆ ತುದಿಗೆ ಹೋಗಿಬಂದೆ. ಹನ್ನೊಂದು ವರ್ಷದ ಮೇಲೆ ಮೊದಲ ಸಲ ಸೀನಲು ಹೆದರಲಿಲ್ಲ. ಅಷ್ಟು ಒಳ್ಳೆಯ ಪದಾರ್ಥ ಅದು. ಸವೆದಾಗ ಮತ್ತೆ ಕೇಳಿದೆ, ಮತ್ತೆ ಹೊಲಿದುಕೊಟ್ಟಳು. ಮೂರನೇ ಸಲ ಕೇಳಿದಾಗ, "ಅಲ್ವೇ ಅಕ್ಕಾ, ನಿಮ್ಮನೇಲಿ ಇರೋದು ಮೂರು ಪಾತ್ರೆ, ಅದೇನು ದಿನವಿಡೀ ಇಳಿಸ್ತಾನೇ ಇರ್ತೀಯಾ?" ಎಂದು ನಕ್ಕಳು. ನಾನೂ ನಕ್ಕೆ. ಹೆದರಿಕೆಯಿಲ್ಲದೆ ನಕ್ಕೆ, ಯಾಕೆಂದರೆ ಅವಳು ಹೊಲಿದದ್ದು ಹಾಕಿಕೊಂಡಿದ್ದೆ. ಇದಕ್ಕಿಂತ ದೊಡ್ಡ ಕೃತಘ್ನತೆ ಇನ್ನೇನಿದೆ, ಅಧ್ಯಕ್ಷರೇ? ನೂರಾ ಅರವತ್ತು ಮನೆ ತಿರುಗಿ ಗಿರಾಕಿ ಇಲ್ಲ ಎಂದು ಬರೆದುಕೊಟ್ಟವಳೇ ಆ ವ್ಯಾಪಾರದ ಖಾಯಂ ಗಿರಾಕಿ.

ಏಳೆಂಟು ವರ್ಷ ಕಳೆಯಿತು. ಒಂದು ದಿನ ನಾವಿಬ್ಬರೂ ಬಸ್ ನಿಲ್ದಾಣದಲ್ಲಿ ನಿಂತಿದ್ದೆವು. ಬಂದ ಬಸ್ಸಿನ ಮೈತುಂಬ ಜಾಹೀರಾತು. ನಗುತ್ತಿರುವ ಒಬ್ಬ ಹೆಂಗಸು, ಕೈಯಲ್ಲಿ ಪ್ಯಾಡಿನ ಪೊಟ್ಟಣ. ಯಾವುದೋ ದೊಡ್ಡ ಕಂಪನಿಯದು. ತಂಗಿ ಹತ್ತಬೇಕಾದ ಬಸ್ಸು ಅದೇ, ಹತ್ತಲಿಲ್ಲ. ಅದು ಹೊರಟು ತಿರುವು ದಾಟುವವರೆಗೂ ನೋಡುತ್ತಾ ನಿಂತಳು.

"ನೋಡು ಅಕ್ಕಾ, ಅವರ ಸರ್ವೇಲಿ ಹೌದು ಅಂದೋರು ಯಾರೋ ಸಿಕ್ಕಿದಾರೆ. ಪುಣ್ಯವಂತರು."

ನಾನು, ಬಿಸಿಲು ಜಾಸ್ತಿ, ಛತ್ರಿ ಬಿಚ್ಚು ಎಂದೆ.

ವ್ಯಾಪಾರ ಹೋದರೆ ಹೋಗಲಿ, ಎಷ್ಟೋ ವ್ಯಾಪಾರ ಹುಟ್ಟುತ್ತವೆ, ಸಾಯುತ್ತವೆ. ನಾನು ಕೊಂದದ್ದು ಬೇರೆ. ನನ್ನ ತಂಗಿ ಮೊದಲು ಒಂದು ಬಟ್ಟೆ ಮುಟ್ಟಿ ಇದು ಹೀಗೆ ಆಗಬೇಕು ಎಂದರೆ ಹಾಗೇ ಆಗಬೇಕಿತ್ತು. ಆ ದಿನದ ನಂತರ ಅವಳು ತನ್ನ ತಲೆಯನ್ನು ನಂಬುವುದನ್ನೇ ಬಿಟ್ಟಳು. ಮಗಳ ಮದುವೆಗೆ ಸೀರೆ ತೆಗೆಯಲು ಅಂಗಡಿಗೆ ಹೋದರೆ ಅಂಗಡಿಯವನನ್ನೇ ಕೇಳುತ್ತಾಳೆ, ಯಾವುದು ಚೆನ್ನಾಗಿದೆ ಎಂದು. ಚಹಾಕ್ಕೆ ಸಕ್ಕರೆ ಸಾಕೋ ಬೇಕೋ ಎಂದು ಸೊಸೆಯ ಮುಖ ನೋಡುತ್ತಾಳೆ. ಯಾರಾದರೂ ಹೀಗೇಕೆ ಎಂದರೆ, "ನನ್ನ ಅಂದಾಜು ಸರಿ ಇರಲ್ಲ ಬಿಡಿ, ಒಂದ್ಸಲ ನೋಡಿಯಾಗಿದೆ" ಎನ್ನುತ್ತಾಳೆ. ಅವಳ ಅಂದಾಜು ಸರಿಯಾಗಿತ್ತು. ಆ ಕೋಣೆಯಲ್ಲಿ ಎಲ್ಲರಿಗಿಂತ ಸರಿಯಾಗಿದ್ದವಳು ಅವಳೊಬ್ಬಳೇ.

ಹೊಸ ಮಕ್ಕಳೇ, ಬರೆದುಕೊಳ್ಳುವುದಿದ್ದರೆ ಇದನ್ನು ಬರೆದುಕೊಳ್ಳಿ. ನಾಚಿಕೆಯ ಸಂಗತಿಯನ್ನು ಬಾಗಿಲಲ್ಲಿ ಕೇಳಬೇಡಿ. ಹೆಂಗಸರು ಒಬ್ಬರೇ ಇರುವ ಹೊತ್ತಿಗೆ ಹೋಗಿ, ಹೆಸರಿಲ್ಲದ ಕಾಗದ ಕೊಟ್ಟು, ಗುರುತು ಹಾಕಿ ಡಬ್ಬಿಗೆ ಹಾಕಿ ಎನ್ನಿ, ನೀವು ಮುಖ ತಿರುಗಿಸಿಕೊಂಡು ನಿಲ್ಲಿ. ನಿಮಗಿದೆಯೇ ಎಂದು ಕೇಳಬೇಡಿ. ನಿಮಗೆ ಗೊತ್ತಿದ್ದವರಲ್ಲಿ ಎಷ್ಟು ಜನಕ್ಕಿದೆ ಎಂದು ಕೇಳಿ. ಗೇಟಿನವರೆಗೆ ಹಿಂದೆ ಬಂದವರ ಮಾತಿಗೆ ಫಾರಂನಲ್ಲಿ ಒಂದು ಗೆರೆ ಖಾಲಿ ಬಿಡಿ. ಆ ಗೆರೆಯಲ್ಲೇ ವ್ಯಾಪಾರ ಇರುತ್ತದೆ. ಮತ್ತೆ, ನಿಮ್ಮ ಪ್ರಶ್ನೆಗೆ ನೀವೇ ನಿಜವಾದ ಉತ್ತರ ಕೊಡಲಾರಿರಿ ಎಂದಾದರೆ, ಆ ಪ್ರಶ್ನೆ ಹಿಡಿದು ಇನ್ನೊಬ್ಬರ ಮನೆ ಮೆಟ್ಟಿಲು ಹತ್ತಬೇಡಿ.

ಮ್ಯಾನೇಜರ ಗಡಿಯಾರವೂ ಈಗ ನನ್ನನ್ನು ನೋಡುತ್ತಿದೆ. ಮುಗಿಸುತ್ತೇನೆ. ನಾಲ್ಕನೇ ಕ್ಲಾಸಿನವಳಿಗೆ ಪೆನ್ನು ಹಿಡಿಸಿದ ಆಫೀಸಿಗೆ ನಾನು ಋಣಿ. ಬಾಗಿಲು ತೆರೆದವರಿಗೆ ಋಣಿ, ತೆರೆಯದವರಿಗೂ ಋಣಿ, ಅವರಾದರೂ ಸುಳ್ಳು ಹೇಳಲಿಲ್ಲ. ಬೈಸಿಕೊಂಡೂ ಎದ್ದು ಹೋಗದ ನಿಮಗೆಲ್ಲ ಈ ಮುದುಕಿಯ ನಮಸ್ಕಾರ.

ಇನ್ನು ನಿನಗೆ, ಗುಂಡುಸೂಜಿ. ಎದ್ದು ನಿಲ್ಲಬೇಡ, ಕಣ್ಣು ಒರೆಸಿಕೊಂಡು ಪರವಾಗಿಲ್ಲ ಅಕ್ಕಾ ಎನ್ನಲೂ ಬೇಡ. ಇಷ್ಟು ಜನರ ಎದುರು ಕೊಟ್ಟ ಉತ್ತರವನ್ನು ನಾನು ಉತ್ತರ ಎಂದು ಬರೆದುಕೊಳ್ಳುವುದಿಲ್ಲ. ನೀನು ಅಂದು ಕೇಳಿದ್ದಕ್ಕೆ ನನ್ನ ಉತ್ತರ ಹೌದು. ಹೌದು, ಅಂದೂ ಇತ್ತು, ಇಂದೂ ಇದೆ. ಈಗ ನನ್ನದೊಂದು ಪ್ರಶ್ನೆ. ನಿನ್ನ ಅಕ್ಕನ ಮೇಲೆ ನಿನಗೆ ಏನನ್ನಿಸುತ್ತದೆ? ಸಿಟ್ಟೋ ಅಲ್ಲವೋ ಎಂದು ನಾನು ಬಾಯಿಗೆ ತುರುಕುವುದಿಲ್ಲ. ಮನೆಗೆ ಹೋಗು, ಯಾರನ್ನೂ ಕೇಳಬೇಡ, ಯಾರ ಮುಖವನ್ನೂ ನೋಡಬೇಡ, ನಿನ್ನ ತಲೆಗೆ ಬಂದದ್ದನ್ನೇ ಬರೆ. ಒಂದು ಗೆರೆಯಾದರೂ ಸರಿ, ಬೈಗುಳವಾದರೂ ಸರಿ. ಬರುವ ತಿಂಗಳು ಹುಟ್ಟುವ ಮೊದಲು ಅದು ನನ್ನ ಕೈ ಸೇರಬೇಕು.